ಗುಂಡಿ ಇರುವ ಮನೆ, ಗುಂಡಿ ಇಲ್ಲದ ಮನೆ: ನೆಲಮಾಳಿಗೆಯ ತೇವ ನೋಡಿ ಮನೆ ಆರಿಸುವುದು ಹೇಗೆ?

ಎರಡು ಮನೆ ನೋಡಿದ್ದೀರಿ, ಎರಡೂ ಮನಸ್ಸಿಗೆ ಬಂದಿವೆ. ಒಂದರ ನೆಲಮಾಳಿಗೆಯ ಮೂಲೆಯಲ್ಲಿ ಒಂದು ಗುಂಡಿ, ಅದರೊಳಗೆ ಪಂಪ್, ಗೋಡೆಗೆ ಅಂಟಿಕೊಂಡು ಮೇಲೇರುವ ಪೈಪು. ನೀವು ನಿಂತಿರುವಾಗಲೇ ಅದು ಗುರ್ ಎಂದು ಎದ್ದು, ಕಾಲು ನಿಮಿಷ ಓಡಿ ಸುಮ್ಮನಾಗುತ್ತದೆ. ಇನ್ನೊಂದು ಮನೆಯಲ್ಲಿ ಗುಂಡಿಯೂ ಇಲ್ಲ, ಪಂಪೂ ಇಲ್ಲ. ಗೋಡೆಗೆ ಹೊಚ್ಚ ಹೊಸ ಬಿಳಿ ಬಣ್ಣ, ಕಿಟಕಿಗಳೆಲ್ಲ ತೆರೆದಿವೆ, ಗಾಳಿಯಲ್ಲಿ ಏನೋ ಪರಿಮಳ. ಹೆಚ್ಚಿನವರ ಮನಸ್ಸು ಎರಡನೆಯ ಮನೆಯ ಕಡೆಗೇ ವಾಲುತ್ತದೆ. ನನ್ನನ್ನು ಕೇಳಿದರೆ, ಹೆಚ್ಚು ಅನುಮಾನ ಪಡಬೇಕಾದ್ದು ಅದರ ಮೇಲೆಯೇ.

ಮುಂದೆ ಹೋಗುವ ಮೊದಲು ಒಂದು ಪದದ ಗೊಂದಲ ಬಿಡಿಸಿಬಿಡೋಣ. ಕನ್ನಡದಲ್ಲಿ ಸಂಪ್ ಎಂದೊಡನೆ ಕಣ್ಣಮುಂದೆ ಬರುವುದು ಬಳಕೆಯ ನೀರು ತುಂಬಿಡುವ ನೆಲದೊಳಗಿನ ತೊಟ್ಟಿ. ಇಲ್ಲಿ ಹೇಳುತ್ತಿರುವ ಸಂಪ್ ಅದಕ್ಕೆ ತದ್ವಿರುದ್ಧ. ಬೇಡದ ನೀರು ಬಂದು ಸೇರಲಿ ಎಂದೇ ನೆಲಮಾಳಿಗೆಯ ಅತಿ ತಗ್ಗಿನ ಜಾಗದಲ್ಲಿ ತೋಡಿದ ಗುಂಡಿ ಇದು. ಸಾಮಾನ್ಯವಾಗಿ 18 ಇಂಚು ಅಗಲ, 24 ಇಂಚು ಆಳ ಇರುತ್ತದೆ. ತಳಪಾಯದ ಸುತ್ತ ಮತ್ತು ನೆಲದಡಿಯಲ್ಲಿ ನಿಂತ ನೀರು ತೂತು ಕೊರೆದ ಪೈಪುಗಳಲ್ಲಿ ಹರಿದು ಬಂದು ಇದರೊಳಗೆ ಬೀಳುತ್ತದೆ, ಮಟ್ಟ ಏರಿದಾಗ ಪಂಪ್ ತಾನಾಗಿ ಚಾಲೂ ಆಗಿ ಅದನ್ನು ಹೊರಗೆ ಹಾಕುತ್ತದೆ. ಮುಂದೆಲ್ಲ ಗುಂಡಿ ಎಂದೇ ಬರೆಯುತ್ತೇನೆ.

ಪಂಪ್ ಬಂದ ನೀರನ್ನು ಹೊರಹಾಕುತ್ತದೆ, ಅಷ್ಟೇ. ನೀರು ಬರುವುದನ್ನು ಅದು ತಡೆಯುವುದಿಲ್ಲ. ಗಾಳಿಯಲ್ಲಿರುವ ತೇವಕ್ಕಂತೂ ಅದರಿಂದ ಏನೂ ಆಗದು. ಹಾಗಾಗಿ ಮನೆಗಳನ್ನು ಹೋಲಿಸುವಾಗ ‘ಪಂಪ್ ಇದೆಯೇ’ ಎಂದು ಕೇಳುವ ಮೊದಲು ‘ಇಲ್ಲಿ ನೀರು ಯಾವ ದಾರಿಯಲ್ಲಿ ಬರುತ್ತದೆ’ ಎಂದು ಕೇಳಬೇಕು.

ನೀರಿಗೆ ನಾಲ್ಕು ದಾರಿ

ಮೊದಲನೆಯದು ಮೇಲಿನ ನೀರು. ಚಾವಣಿಯ ಮೇಲೆ ಬಿದ್ದ ಮಳೆ ಗೋಡೆಯ ಬುಡದಲ್ಲೇ ಇಂಗಿ ಒಳಗೆ ಒಸರುತ್ತದೆ. 100 ಚದರ ಮೀಟರ್ ಚಾವಣಿಯ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ 1000 ಲೀಟರ್ ನೀರು. ಒಂದೇ ಒಂದು ಮಳೆನೀರಿನ ಪೈಪು ಗೋಡೆಯ ಮೂಲೆಗೆ ಸುರಿಯುತ್ತಿದ್ದರೆ ಅದರಲ್ಲಿ ದೊಡ್ಡ ಪಾಲು ಆ ಮೂಲೆಗೇ ಹೋಗುತ್ತದೆ. ಎರಡನೆಯದು ಕೆಳಗಿನ ನೀರು, ಅಂದರೆ ಮಳೆಗಾಲದಲ್ಲಿ ಅಂತರ್ಜಲದ ಮಟ್ಟ ಏರಿ ನೆಲಮಾಳಿಗೆಯ ನೆಲವನ್ನೇ ಮುಟ್ಟುವುದು. ಮೂರನೆಯದು ಮನೆಯದೇ ಪೈಪು ಸೋರುವುದು. ನಾಲ್ಕನೆಯದು ಯಾರ ಲೆಕ್ಕಕ್ಕೂ ಬಾರದ ಗಾಳಿ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ 70 ತೇವಾಂಶ ಇದ್ದರೆ ಆ ಗಾಳಿ ಸುಮಾರು 24 ಡಿಗ್ರಿಗೆ ತಣಿದೊಡನೆ ಹನಿಗಟ್ಟುತ್ತದೆ. ನೆಲದೊಳಗಿನ ಗೋಡೆ 18 ಅಥವಾ 20 ಡಿಗ್ರಿಯಲ್ಲಿರುತ್ತದೆ. ತಣ್ಣೀರಿನ ಲೋಟದ ಹೊರಮೈ ಬೆವರುವ ಹಾಗೆ ಗೋಡೆಯೂ ಬೆವರುತ್ತದೆ. ‘ತೇವ ಇದೆ, ಕಿಟಕಿ ತೆರೆದಿಡಿ’ ಎಂಬ ಸಲಹೆ ಇಂಥ ದಿನಗಳಲ್ಲಿ ತೇವವನ್ನು ಇನ್ನಷ್ಟು ಒಳಗೆ ಕರೆಯುತ್ತದೆ.

ಯಾವ ದಾರಿ ಎಂದು ಹೇಳುವುದು ಸಮಯ. ಜೋರು ಮಳೆ ಶುರುವಾಗಿ ಒಂದೆರಡು ಗಂಟೆಯೊಳಗೆ ಒಂದು ಮೂಲೆ ಒದ್ದೆಯಾದರೆ ಅದು ಮೇಲಿನ ನೀರು. ಮಳೆ ನಿಂತ ಮರುದಿನ, ಅದರ ಮರುದಿನ ನೆಲದ ಅಂಚಿನುದ್ದಕ್ಕೂ ಒಸರು ಕಂಡರೆ, ಪಂಪ್ ದಿನಗಟ್ಟಲೆ ಓಡುತ್ತಲೇ ಇದ್ದರೆ, ಅದು ಕೆಳಗಿನ ನೀರು. ಮಳೆಗೂ ಒದ್ದೆಗೂ ಸಂಬಂಧವೇ ಇಲ್ಲದಿದ್ದರೆ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ನೋಡಿ. ಮುಳ್ಳು ಅಲುಗುತ್ತಿದ್ದರೆ ಪೈಪು ಸೋರುತ್ತಿದೆ. ಅಲುಗದಿದ್ದರೆ ಗಾಳಿಯನ್ನು ಅನುಮಾನಿಸಿ.

ಇದಕ್ಕೊಂದು ಖರ್ಚಿಲ್ಲದ ಪರೀಕ್ಷೆ ಇದೆ. 18 ಇಂಚು ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೋ ಗೋಡೆಗೋ ಅಂಟಿಸಿ. ಕನಿಷ್ಠ 16 ಗಂಟೆ, ಸಾಧ್ಯವಾದರೆ ಎರಡು ದಿನ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ತೇವ ಕಾಂಕ್ರೀಟಿನೊಳಗಿಂದ ಬರುತ್ತಿದೆ. ಮೇಲ್ಮೈ ಒದ್ದೆಯಾಗಿ ಅಡಿ ಒಣಗಿದ್ದರೆ ಗಾಳಿಯದು. ಹೊಸದಾಗಿ ಕಟ್ಟಿದ ಮನೆಯಲ್ಲಿ ಮಾತ್ರ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಕಾಂಕ್ರೀಟ್ ಕಲಸುವಾಗ ಹಾಕಿದ ನೀರೇ ಆರಲು ತಿಂಗಳುಗಟ್ಟಲೆ ಬೇಕು.

ಗಾಳಿಯ ತೇವದ ಮನೆಗೆ ದೊಡ್ಡ ಪಂಪ್ ಕೂರಿಸುವುದು ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದ ಹಾಗೆ. ಹಾಗೆ ಕೂರಿಸಿದ ಒಂದು ಮನೆಯನ್ನು ನಾನೇ ನೋಡಿದ್ದೇನೆ. ಗುಂಡಿ ಬಟಾಬಯಲಿನಂತೆ ಒಣಗಿತ್ತು, ಕಪಾಟಿನ ಬೆನ್ನಿಗೆ ಮಾತ್ರ ಕೈಯಗಲದ ಬೂಷ್ಟು.

ನಾಲ್ಕು ಬಗೆಯ ಮನೆಗಳು

ಗುಂಡಿ ಇಲ್ಲ, ಕಲೆಯೂ ಇಲ್ಲ, ಗೋಡೆಗೆ ಬಣ್ಣವನ್ನೇ ಬಳಿದಿಲ್ಲ ಎಂಬಂಥ ಮನೆ ಸಿಕ್ಕರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಬರೀ ಕಾಂಕ್ರೀಟ್ ಗೋಡೆ ನೋಡಲು ಚೆನ್ನಾಗಿರುವುದಿಲ್ಲ, ಆದರೆ ಅದು ಏನನ್ನೂ ಮುಚ್ಚಿಡದು. ಮನೆ ಎತ್ತರದ ಜಾಗದಲ್ಲಿದ್ದು, ಮಣ್ಣು ಮರಳು ಮಿಶ್ರಿತವಾಗಿದ್ದು ನೀರು ಬೇಗ ಇಳಿದುಹೋಗುವಂತಿದ್ದರೆ ನಿಶ್ಚಿಂತೆಯಿಂದ ಇರಬಹುದು. ಜೇಡಿಮಣ್ಣಾದರೆ ನೀರನ್ನು ಹಿಡಿದಿಟ್ಟು ಉಬ್ಬಿ ಗೋಡೆಯನ್ನು ಒತ್ತುತ್ತದೆ, ಇನ್ನೊಂದು ಸುತ್ತು ನೋಡಬೇಕಾಗುತ್ತದೆ.

ಗುಂಡಿ ಇದ್ದೂ ಒಣಗಿರುವ ಮನೆ ಎರಡನೆಯ ಬಗೆ. ಇದಕ್ಕೆ ಎರಡು ಅರ್ಥ ಸಾಧ್ಯ. ಕಟ್ಟುವಾಗಲೇ ಮುಂಜಾಗ್ರತೆಗೆ ಗುಂಡಿ ಬಿಟ್ಟಿರಬಹುದು, ನೀರು ಬಂದೇ ಇಲ್ಲದಿರಬಹುದು. ಅಥವಾ ನೀರು ತರಬೇಕಾದ ಪೈಪು ಹೂಳು ತುಂಬಿ ಕಟ್ಟಿಕೊಂಡಿರಬಹುದು. ಗುಂಡಿಯ ಒಳಗೋಡೆಗೆ ಟಾರ್ಚ್ ಬಿಟ್ಟು ನೋಡಿ. ನೀರು ನಿಂತಿಳಿದ ಗೆರೆಗಳಿದ್ದರೆ ಒಂದು ಕಾಲಕ್ಕೆ ನೀರು ಬರುತ್ತಿತ್ತು. ಕಿತ್ತಳೆ ಬಣ್ಣದ ಲೋಳೆ ಇದ್ದರೆ ಅದು ಕಬ್ಬಿಣದ ಅಂಶ ತಿಂದು ಬೆಳೆಯುವ ಬ್ಯಾಕ್ಟೀರಿಯಾ. ಪೈಪು, ಪಂಪ್, ಸ್ವಿಚ್ ಎಲ್ಲವನ್ನೂ ಅದು ಕಟ್ಟಿಹಾಕುತ್ತದೆ, ವರ್ಷ ವರ್ಷವೂ ತೊಳೆಯುತ್ತಲೇ ಇರಬೇಕು.

ಮೂರನೆಯದು ಪಂಪ್ ಓಡುತ್ತಿರುವ ಮನೆ. ಇದನ್ನು ಕಂಡು ಓಡಿಹೋಗಬೇಕಿಲ್ಲ. ನೀರು ಬರುತ್ತದೆ ಎಂದು ಮೊದಲೇ ಗೊತ್ತು, ಎಷ್ಟು ಬರುತ್ತದೆ ಎಂದು ಅಳೆಯಬಹುದು, ಅಳೆದ ಮೇಲೆ ಬೆಲೆಯ ಮಾತನ್ನೂ ಅದಕ್ಕೆ ತಕ್ಕಂತೆ ಆಡಬಹುದು. ಸುತ್ತಲಿನ ನೆಲ ಗೋಡೆ ಒಣಗಿದ್ದು, ಗುಂಡಿಯಲ್ಲಿ ಮಾತ್ರ ನೀರಿದ್ದರೆ ವ್ಯವಸ್ಥೆ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಇನ್ನು ಗುಂಡಿ ಇಲ್ಲದೆ ಹೊಸ ಬಣ್ಣ ಮಾತ್ರ ಇರುವ ಮನೆ. ಇಡೀ ಮನೆಗೆ ಹಳೆಯ ಬಣ್ಣ, ನೆಲಮಾಳಿಗೆಗೆ ಮಾತ್ರ ಹೊಸದು, ಅದೂ ಕೆಳಗಿನ ಎರಡು ಅಡಿಗೆ ಮಾತ್ರ ಎಂದಾದರೆ ಏಕೆ ಎಂದು ನೇರವಾಗಿ ಕೇಳಿ. ಬಣ್ಣ ಮುಚ್ಚಲಾರದ ಗುರುತುಗಳೂ ಇವೆ. ಮರದ ಮೆಟ್ಟಿಲಿನ ಕೊನೆಯ ಪಾವಟಿಗೆಯ ಬುಡ ಕಪ್ಪಾಗಿದೆಯೇ? ವಾಟರ್ ಹೀಟರ್ ಅಥವಾ ವಾಷಿಂಗ್ ಮಷೀನಿನ ಕಾಲಿಗೆ ತುಕ್ಕು ಹಿಡಿದಿದೆಯೇ? ಸಾಮಾನುಗಳನ್ನೆಲ್ಲ ಇಟ್ಟಿಗೆಯ ಮೇಲೆ ಎತ್ತಿಟ್ಟಿದ್ದಾರೆಯೇ? ಕಾರ್ಪೆಟ್ ಅಂಚಿನ ಮೊಳೆಗಳು ತುಕ್ಕು ಹಿಡಿದಿವೆಯೇ? ರಟ್ಟಿನ ಪೆಟ್ಟಿಗೆಗಳ ತಳ ಮೆತ್ತಗಾಗಿದೆಯೇ? ಎಲ್ಲಕ್ಕಿಂತ ಮೊದಲು, ಮೆಟ್ಟಿಲಿಳಿದ ಆ ಮೊದಲ ಕ್ಷಣದಲ್ಲಿ ಮೂಗಿಗೆ ಏನು ತಾಗಿತು ಎಂಬುದನ್ನು ನೆನಪಿಡಿ. ಐದು ನಿಮಿಷ ನಿಂತರೆ ಮೂಗು ಮುಗ್ಗಲಿಗೆ ಒಗ್ಗಿಹೋಗುತ್ತದೆ.

ಗೋಡೆಯ ಮೇಲೆ ಬಿಳಿ ಪುಡಿ ಕಂಡು ಬೂಷ್ಟು ಎಂದು ಗಾಬರಿಯಾಗುವವರಿದ್ದಾರೆ. ಅದು ಹೆಚ್ಚಾಗಿ ಉಪ್ಪು. ಗೋಡೆಯೊಳಗಿಂದ ಹಾದು ಬಂದ ನೀರು ಆವಿಯಾಗಿ, ಹೊತ್ತು ತಂದ ಲವಣ ಅಲ್ಲೇ ಉಳಿದಿರುತ್ತದೆ. ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತೆ ಉದುರುತ್ತದೆ, ಬೂಷ್ಟು ಹಾಗೆ ಉದುರದೆ ಮೆತ್ತಿಕೊಳ್ಳುತ್ತದೆ. ಉಪ್ಪಿನಿಂದ ಆರೋಗ್ಯಕ್ಕೆ ತೊಂದರೆಯಿಲ್ಲ, ಆದರೆ ನೀರು ನಡೆದ ಹೆಜ್ಜೆ ಗುರುತು ಅದು.

ಬಿರುಕುಗಳಲ್ಲೂ ಭೇದವಿದೆ. ಎರಕದ ಕಾಂಕ್ರೀಟ್ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಇಳಿದ ಕೂದಲೆಳೆ ಬಿರುಕು ಕಾಂಕ್ರೀಟ್ ಆರುವಾಗ ಕುಗ್ಗಿದ್ದರಿಂದ ಬರುವಂಥದ್ದು, ಮುಚ್ಚಬಹುದು. ಗೋಡೆಯ ನಡುವೆ ಅಡ್ಡಡ್ಡ ಹಾದ ಬಿರುಕು, ಜೊತೆಗೆ ಗೋಡೆ ಒಳಕ್ಕೆ ಉಬ್ಬಿದಂತೆ ಕಂಡರೆ ವಿಷಯವೇ ಬೇರೆ. ಹೊರಗಿನ ಒದ್ದೆ ಮಣ್ಣು ಗೋಡೆಯನ್ನೇ ತಳ್ಳುತ್ತಿದೆ. ಆಗ ಪಂಪಿನವರನ್ನಲ್ಲ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಬೇಕು. ಅವರು ನೋಡುವ ತನಕ ಮುಂಗಡ ಕೊಡಬೇಡಿ.

ಒಂದು ನಿಮಿಷದ ಲೆಕ್ಕ

ಪಂಪ್ ಓಡುವ ಮನೆಯನ್ನು ಮಳೆ ಬಂದ ದಿನವೇ ಮತ್ತೊಮ್ಮೆ ನೋಡಿ. ಮನೆಯವರ ಒಪ್ಪಿಗೆ ಪಡೆದು ಪಂಪನ್ನು ಒಂದು ನಿಮಿಷ ನಿಲ್ಲಿಸಿ, ಗುಂಡಿಯಲ್ಲಿ ನೀರು ಎಷ್ಟು ಇಂಚು ಏರಿತು ಎಂದು ಟೇಪ್ ಹಿಡಿದು ಅಳೆಯಿರಿ. 18 ಇಂಚು ಅಗಲದ ಗುಂಡಿಯಲ್ಲಿ 1 ಇಂಚು ಎಂದರೆ ಸುಮಾರು 4 ಲೀಟರ್. 24 ಇಂಚಿನದಾದರೆ ಸುಮಾರು 7 ಲೀಟರ್. ಸಣ್ಣ ಗುಂಡಿಯಲ್ಲಿ ನಿಮಿಷಕ್ಕೆ 4 ಇಂಚು ಏರಿದರೆ ಗಂಟೆಗೆ ಸಾವಿರ ಲೀಟರ್ ಬರುತ್ತಿದೆ ಎಂದಾಯಿತು. ಕೇಳಲು ಭಯವೆನಿಸಿದರೂ ಇದು ಸಾಮಾನ್ಯ ಪಂಪಿಗೆ ದೊಡ್ಡ ಹೊರೆಯಲ್ಲ. ಮೂರನೇ ಒಂದು ಎಚ್‌ಪಿಯ ಒಳ್ಳೆಯ ಪಂಪ್ 10 ಅಡಿ ಎತ್ತರಕ್ಕೆ ನಿಮಿಷಕ್ಕೆ 100 ಲೀಟರಿಗೂ ಮಿಕ್ಕಿ ಎತ್ತುತ್ತದೆ. ಆದರೆ ಅದೇ ಲೆಕ್ಕವನ್ನು ತಿರುಗಿಸಿ ನೋಡಿ. ಕರೆಂಟ್ ಹೋದರೆ, ಗುಂಡಿಯಲ್ಲಿ ಉಳಿದ 12 ಇಂಚು ಜಾಗ ಮೂರೇ ನಿಮಿಷದಲ್ಲಿ ತುಂಬುತ್ತದೆ.

ಒಣ ದಿನವಾದರೆ ಒಂದು ಬಕೆಟ್ ನೀರು ಸುರಿದು ನೋಡಿ. 20 ಲೀಟರಿಗೆ ಸಣ್ಣ ಗುಂಡಿಯ ನೀರು ಸುಮಾರು 5 ಇಂಚು ಏರುತ್ತದೆ, ತೀರಾ ಬತ್ತಿದ ಗುಂಡಿಗೆ ಎರಡು ಬಕೆಟ್ ಬೇಕಾದೀತು. ಪಂಪ್ ಎದ್ದು, ನೀರೆತ್ತಿ, ತಾನೇ ನಿಲ್ಲಬೇಕು. ನಿಂತ ಮೇಲೆ ಕಿವಿಗೊಡಿ. ಗುಳುಗುಳು ಎಂದು ನೀರು ವಾಪಸ್ ಬಿದ್ದರೆ ಎನ್‌ಆರ್‌ವಿ, ಅಂದರೆ ಮೇಲೇರಿದ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್, ಇಲ್ಲ ಅಥವಾ ಕೆಟ್ಟಿದೆ. ಒಂದೂವರೆ ಇಂಚಿನ ಪೈಪು 10 ಅಡಿ ಎತ್ತರಕ್ಕೆ ಹೋಗಿದ್ದರೆ ಪ್ರತಿ ಸಲವೂ ಮೂರೂವರೆ ಲೀಟರ್ ಮರಳಿ ಗುಂಡಿಗೇ ಬರುತ್ತದೆ. ಹಾಗಾದರೆ ಎತ್ತಿದ ನೀರನ್ನೇ ಮತ್ತೆ ಮತ್ತೆ ಎತ್ತುವ ಕೆಲಸ.

ದುರಸ್ತಿಯ ಆಯ್ಕೆಗಳು: ಅಗ್ಗದಿಂದ ಶುರು ಮಾಡಿ

ಮೇಲಿನ ನೀರಿಗೆ ಮದ್ದು ಮನೆಯ ಹೊರಗಿದೆ. ಗೋಡೆಯಿಂದ ಆಚೆಗೆ ಮೊದಲ 10 ಅಡಿಯಲ್ಲಿ 6 ಇಂಚು ಇಳಿಯುವಂತೆ ನೆಲಕ್ಕೆ ವಾಟ ಕೊಡುವುದು, ದಂಬೆಯ ಕಸ ತೆಗೆಯುವುದು, ಮಳೆನೀರಿನ ಪೈಪನ್ನು ಗೋಡೆಯ ಬುಡದಲ್ಲಿ ಬಿಡದೆ ಐದಾರು ಅಡಿ ದೂರಕ್ಕೆ ಒಯ್ಯುವುದು. ಸಲಿಕೆ, ಮಣ್ಣು, ಎರಡು ತುಂಡು ಪೈಪು. ಇಷ್ಟರಲ್ಲೇ ಗುಣವಾಗುವ ಮನೆಗಳಿಗೆ ಯಾರೋ ಬಂದು ಇಡೀ ನೆಲ ಅಗೆಯುವ ಕೊಟೇಶನ್ ಕೊಟ್ಟು ಹೋಗಿರುತ್ತಾರೆ. ಹೊರಗಿನ ವಾಟ ನೋಡದೆ ಒಳಗಿನ ಕೆಲಸಕ್ಕೆ ಅಂದಾಜು ಕೊಡುವವರನ್ನು ನಾನು ನಂಬುವುದಿಲ್ಲ.

ಗಾಳಿಯ ತೇವಕ್ಕೆ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯಿಂದ ತೇವ ಹಿಂಡಿ ತೆಗೆಯುವ ಯಂತ್ರ. ಒಳಗಿನ ತೇವಾಂಶ ಶೇ 60ರ ಒಳಗಿದ್ದರೆ ಬೂಷ್ಟಿಗೆ ಕಷ್ಟ, 50ರ ಆಸುಪಾಸಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ಕಂಪ್ರೆಸರ್ ಇರುವ ಯಂತ್ರ ಬೆಚ್ಚಗಿನ ಕೋಣೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ತೀರಾ ತಣ್ಣಗಿನ ಕೋಣೆಯಲ್ಲಿ ಅದರ ಸುರುಳಿಯ ಮೇಲೆ ಮಂಜು ಕಟ್ಟುತ್ತದೆ, ಅಲ್ಲಿಗೆ ತೇವ ಹೀರುವ ರಾಸಾಯನಿಕ ಬಳಸುವ ಬಗೆಯದು ಮೇಲು, ಕರೆಂಟ್ ಮಾತ್ರ ಹೆಚ್ಚು ತಿನ್ನುತ್ತದೆ. ಯಾವುದೇ ಆಗಲಿ, ಹಿಡಿದ ನೀರನ್ನು ಪೈಪಿನ ಮೂಲಕ ಹೊರಬಿಡುವ ಅನುಕೂಲ ಇರಲಿ. ಟ್ಯಾಂಕ್ ತುಂಬಿದಾಗ ಎತ್ತಿ ಚೆಲ್ಲುವ ಉತ್ಸಾಹ ಮೊದಲ ವಾರಕ್ಕಷ್ಟೇ.

ವಾಟರ್‌ಪ್ರೂಫ್ ಬಣ್ಣದ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಸಣ್ಣ ಜಿನುಗಿಗೆ ಕೆಲ ಕಾಲ ಸಾಕಾಗಬಹುದು. ಗೋಡೆಯಾಚೆ 1 ಮೀಟರ್ ನೀರು ನಿಂತರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ. ಒಳಗಿನಿಂದ ಬಳಿದ ಬಣ್ಣವನ್ನು ಆ ಒತ್ತಡ ಹಿಂದಿನಿಂದ ತಳ್ಳುತ್ತದೆ, ಬಣ್ಣ ಗುಳ್ಳೆಯೆದ್ದು ಕಳಚುತ್ತದೆ. ಬಿರುಕಿನೊಳಗೆ ರಾಳ ತುಂಬುವ ಇಂಜೆಕ್ಷನ್ ಬೇರೆ ಮಾತು. ಒಸರುತ್ತಿರುವ ಬಿರುಕಿಗೆ ಹಿಗ್ಗಿ ತುಂಬುವ ಪಾಲಿಯುರೆಥೇನ್, ಒಣಗಿದ ಬಿರುಕನ್ನು ಬಿಗಿಯಾಗಿ ಬೆಸೆಯಬೇಕಾದರೆ ಎಪಾಕ್ಸಿ.

ಕೆಳಗಿನ ನೀರಿಗೆ ಮಾತ್ರ ದೊಡ್ಡ ಕೆಲಸ ಅನಿವಾರ್ಯ. ಒಳಗಿನಿಂದ ಮಾಡುವುದಾದರೆ ಗೋಡೆಯಂಚಿನ ನೆಲ ಕತ್ತರಿಸಿ, ಕಾಲುವೆ ತೋಡಿ, ಜಲ್ಲಿಯ ನಡುವೆ ತೂತಿನ ಪೈಪು ಹಾಸಿ, ಗುಂಡಿಗೆ ಸೇರಿಸುತ್ತಾರೆ. ಇಂಥ ಜಲ್ಲಿ ಕಾಲುವೆಗೆ ಫ್ರೆಂಚ್ ಡ್ರೈನ್ ಎಂಬ ಹೆಸರಿದೆ. ಫ್ರಾನ್ಸಿಗೂ ಅದಕ್ಕೂ ನಂಟಿಲ್ಲ, 1859ರಲ್ಲಿ ಹೊಲದ ಬಸಿಗಾಲುವೆಗಳ ಬಗ್ಗೆ ಬರೆದು ಅದನ್ನು ಜನಪ್ರಿಯಗೊಳಿಸಿದ ಅಮೆರಿಕದ ಹೆನ್ರಿ ಫ್ಲಾಗ್ ಫ್ರೆಂಚ್ ಅವರ ಹೆಸರದು. ಈ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ, ಅಂಗಳ ಹಾಳಾಗುವುದಿಲ್ಲ. ಆದರೆ ಗೋಡೆಯ ಹೊರಮೈ ಒದ್ದೆಯಾಗಿಯೇ ಉಳಿಯುತ್ತದೆ, ಮನೆ ಇರುವವರೆಗೂ ಪಂಪನ್ನು ನಂಬಿಕೊಂಡಿರಬೇಕು. ಹೊರಗಿನಿಂದ ಮಾಡುವುದಾದರೆ ತಳಪಾಯದವರೆಗೆ ಅಗೆದು, ಗೋಡೆಗೆ ಪೊರೆ ಹೊದಿಸಿ, ಬುಡದಲ್ಲಿ ಪೈಪು ಹಾಸಬೇಕು. ಗೋಡೆಗೆ ನೀರೇ ತಾಗದಂತೆ ಮಾಡುವ ದಾರಿ ಇದು, ಖರ್ಚೂ ರಾಮಾಯಣವೂ ಹಲವು ಪಟ್ಟು. ಗೋಡೆಯೇ ಕೆಟ್ಟಿದ್ದರೆ, ಅಥವಾ ಬೇರೆ ಕೆಲಸಕ್ಕೆ ಹೇಗೂ ಅಗೆಯುವುದಿದ್ದರೆ ಇದು ಸರಿ. ಗೋಡೆ ಗಟ್ಟಿಯಿದ್ದು ನೆಲದಂಚಿನಲ್ಲಷ್ಟೇ ಒಸರು ಇದ್ದರೆ ನನ್ನ ಓಟು ಒಳಗಿನ ಕಾಲುವೆಗೆ.

ಪಂಪ್ ಆರಿಸುವಾಗ

ಇಲ್ಲಿ ಮುಖ್ಯವಾಗಿ ಎರಡು ಬಗೆ. ಮೋಟಾರ್ ಗುಂಡಿಯ ಮೇಲೆ ಕಂಬದ ತುದಿಯಲ್ಲಿ ಕೂರುವ ಪೆಡೆಸ್ಟಲ್ ಪಂಪ್ ಅಗ್ಗ, ರಿಪೇರಿ ಸುಲಭ, ಮೋಟಾರ್ ನೀರಿಗೆ ತಾಗದು. ಗಲಾಟೆ ಜಾಸ್ತಿ, ಗುಂಡಿಗೆ ಬಿಗಿ ಮುಚ್ಚಳ ಹಾಕುವುದು ಕಷ್ಟ. ಮುಚ್ಚಳ ಸಣ್ಣ ಸಂಗತಿಯಲ್ಲ. ತೆರೆದ ಗುಂಡಿಯಿಂದ ತೇವದ ಗಾಳಿಯ ಜೊತೆಗೆ ಮಣ್ಣಿನಲ್ಲಿ ಹುಟ್ಟುವ ರೇಡಾನ್ ಎಂಬ ವಿಕಿರಣಶೀಲ ಅನಿಲವೂ ಮನೆಯೊಳಗೆ ಬರಬಹುದು. ಸಬ್‌ಮರ್ಸಿಬಲ್ ಪಂಪ್ ನೀರಿನೊಳಗೇ ಮುಳುಗಿರುವುದರಿಂದ ಸದ್ದು ಕಡಿಮೆ, ನೀರೇ ಮೋಟಾರನ್ನು ತಂಪಾಗಿಡುತ್ತದೆ, ಮುಚ್ಚಳ ನೀಟಾಗಿ ಕೂರುತ್ತದೆ. ಗುಂಡಿ ತೀರಾ ಕಿರಿದಾಗಿಲ್ಲದಿದ್ದರೆ ಇದೇ ಇರಲಿ, ಅದರಲ್ಲೂ ಪ್ಲಾಸ್ಟಿಕ್ಕಿಗಿಂತ ಎರಕದ ಕಬ್ಬಿಣದ ಮೈಯದ್ದು. ಕಬ್ಬಿಣ ಬಿಸಿಯನ್ನು ಬೇಗ ನೀರಿಗೆ ಬಿಟ್ಟುಕೊಡುತ್ತದೆ.

ಎಚ್‌ಪಿ ದೊಡ್ಡದಾದಷ್ಟೂ ಒಳ್ಳೆಯದು ಎಂಬುದು ತಪ್ಪು. ಸಣ್ಣ ಗುಂಡಿಗೆ ದೊಡ್ಡ ಪಂಪ್ ಇಟ್ಟರೆ ಕೆಲವೇ ಸೆಕೆಂಡಿನಲ್ಲಿ ಬತ್ತಿಸಿ ನಿಲ್ಲುತ್ತದೆ, ಮತ್ತೆ ಏಳುತ್ತದೆ, ಮತ್ತೆ ನಿಲ್ಲುತ್ತದೆ. ಮೋಟಾರ್ ಸವೆಯುವುದು ಓಡುವುದರಿಂದ ಅಷ್ಟಲ್ಲ, ಪದೇಪದೇ ಚಾಲೂ ಆಗುವುದರಿಂದ. ಮೇಲೆ ಹೇಳಿದ ಒಂದು ನಿಮಿಷದ ಲೆಕ್ಕವೇ ಇಲ್ಲಿ ಅಳತೆಗೋಲು.

ಮೋಟಾರಿಗಿಂತ ಮೊದಲು ಕೈಕೊಡುವುದು ನೀರಿನ ಮಟ್ಟಕ್ಕೆ ತಕ್ಕಂತೆ ಪಂಪನ್ನು ಚಾಲೂ ಮಾಡಿ ನಿಲ್ಲಿಸುವ ಫ್ಲೋಟ್ ಸ್ವಿಚ್. ವಯರಿಗೆ ಕಟ್ಟಿದ ತೇಲುಬುರುಡೆಗೆ ಆಚೀಚೆ ತೂಗಾಡಲು ಜಾಗ ಬೇಕು, ಕಿರಿದಾದ ಗುಂಡಿಯಲ್ಲಿ ಅದು ಗೋಡೆಗೋ ಪಂಪಿಗೋ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡರೆ ಪಂಪ್ ಏಳುವುದೇ ಇಲ್ಲ, ಇಲ್ಲವೇ ನಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಕಂಬಿಯ ಮೇಲೆ ನೆಟ್ಟಗೆ ಏರಿಳಿಯುವ ಫ್ಲೋಟ್ ಇಂಥ ಜಾಗಕ್ಕೆ ಹೊಂದುತ್ತದೆ.

ಕರೆಂಟ್ ಹೋದಾಗ

ಜೋರು ಮಳೆಗೂ ಕರೆಂಟ್ ಹೋಗುವುದಕ್ಕೂ ಇರುವ ನಂಟು ಎಲ್ಲರಿಗೂ ಗೊತ್ತು. ಬ್ಯಾಟರಿಯ ಎರಡನೇ ಪಂಪ್ ಎಲ್ಲ ಕಡೆ ನಡೆಯುತ್ತದೆ, ಮುಖ್ಯ ಪಂಪ್ ಕೆಟ್ಟರೂ ಅದು ಎದ್ದು ನಿಲ್ಲುತ್ತದೆ. 12 ಆಂಪಿಯರ್ ಎಳೆಯುವ ಪಂಪಿಗೆ 100 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 8 ಗಂಟೆ, ನಿಜದಲ್ಲಿ ಅದಕ್ಕಿಂತ ಕಡಿಮೆ. ಮೂರರಿಂದ ಐದು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕು. ನಲ್ಲಿ ನೀರಿನ ಒತ್ತಡದಿಂದ ಓಡುವ ಪಂಪಿಗೆ ಬ್ಯಾಟರಿಯೇ ಬೇಡ, ಒತ್ತಡ ಇರುವಷ್ಟು ಹೊತ್ತೂ ಓಡುತ್ತದೆ. ಆದರೆ ಸರಿಸುಮಾರು 2 ಲೀಟರ್ ಹೊರಹಾಕಲು 1 ಲೀಟರ್ ಒಳ್ಳೆಯ ನೀರು ಖರ್ಚಾಗುತ್ತದೆ, ಕೊಳೆ ನೀರು ಕುಡಿಯುವ ನೀರಿಗೆ ಹಿಮ್ಮುಖವಾಗಿ ಸೇರದಂತೆ ತಡೆ ಹಾಕಲೇಬೇಕು. ಮನೆಗೆ ಸ್ವಂತ ಬೋರ್‌ವೆಲ್ ಇದ್ದರೆ ಇದನ್ನು ಮರೆತುಬಿಡಿ, ಕರೆಂಟ್ ಹೋದಾಗ ಆ ನೀರೂ ಬರುವುದಿಲ್ಲ. ಜನರೇಟರ್ ಇಡೀ ಮನೆಗೆ ಆಗುತ್ತದೆ, ಆದರೆ ತಾನಾಗಿ ಚಾಲೂ ಆಗುವ ಬಗೆ ಅಲ್ಲದಿದ್ದರೆ ನೀವು ಊರಲ್ಲಿರಬೇಕು, ಎಚ್ಚರವಾಗಿರಬೇಕು. ಮೂರು ನಿಮಿಷದಲ್ಲಿ ತುಂಬುವ ಗುಂಡಿಗೆ ಬ್ಯಾಟರಿಯೇ ಸರಿ. ದಿನಕ್ಕೆ ಒಂದೆರಡು ಸಲ ಮಾತ್ರ ಏಳುವ ಪಂಪಿಗೆ ನೀರು ಏರಿದಾಗ ಕೂಗುವ ಒಂದು ಅಲಾರಂ ಸಾಕಾದೀತು.

ಕರಾರಿಗೆ ಮೊದಲು

ಪಂಪ್ ಯಾವ ವರ್ಷದ್ದು ಎಂದು ಕೇಳಿ. ಹತ್ತು ವರ್ಷ ದಾಟಿದ್ದರೆ ಚೆನ್ನಾಗಿ ಓಡುತ್ತಿದ್ದರೂ ಹೊಸದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹೊರಗೆ ಪೈಪು ಎಲ್ಲಿ ಬಾಯಿ ಬಿಡುತ್ತದೆ ಎಂದು ನಡೆದುಹೋಗಿ ನೋಡಿ. ಗೋಡೆಯಿಂದ ಎರಡೇ ಅಡಿ ದೂರದಲ್ಲಿ ಸುರಿಯುತ್ತಿದ್ದರೆ ಅದೇ ನೀರು ಇಂಗಿ ಗುಂಡಿಗೆ ಮರಳುತ್ತಿರುತ್ತದೆ. ಒಳಚರಂಡಿಗೆ ಸೇರಿಸಿದ್ದರೆ ಅದಕ್ಕೆ ಅನುಮತಿ ಇದೆಯೇ ವಿಚಾರಿಸಿ, ಹಲವೆಡೆ ನಿಷೇಧವಿದೆ. ವಿಮೆ ಇದ್ದರೆ ನೆಲದಡಿಯಿಂದ ಬಂದ ನೀರಿಗೂ, ಪಂಪ್ ಕೆಟ್ಟು ಉಕ್ಕಿದ ನೀರಿಗೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ಪಾಲಿಸಿಯ ಕಾಗದದಲ್ಲೇ ಓದಿ, ಬಾಯಿಮಾತಿಗೆ ಬಿಡಬೇಡಿ. ಅಕ್ಕಪಕ್ಕದವರನ್ನೂ ಮಾತಾಡಿಸಿ. ಮಾರುವವರು ಮರೆತ ಮಳೆ ಅವರಿಗೆ ನೆನಪಿರುತ್ತದೆ.

ಮೊದಲು ಹೇಳಿದ ಎರಡು ಮನೆಗಳಲ್ಲಿ ಬಿಳಿ ಬಣ್ಣದ ಮನೆಯವರು ಪ್ಲಾಸ್ಟಿಕ್ ಹಾಳೆಯನ್ನು ಎರಡು ದಿನ ಅಂಟಿಸಿಡಲು ಒಪ್ಪಿ, ಅದರ ಅಡಿ ಒಣಗಿಯೇ ಇದ್ದರೆ ನನ್ನ ಅನುಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಪ್ಪದಿದ್ದರೆ ಪಂಪ್ ಇರುವ ಮನೆಗೆ ಒಂದು ಬಕೆಟ್, ಒಂದು ಅಳತೆ ಟೇಪ್ ಹಿಡಿದು ವಾಪಸ್ ಹೋಗಿ.